ಒಂಬತ್ತು ಮನೆಗೆ ಒಂದೇ ಫೋಟೋ

ಹಲ್,
ನವೆಂಬರ್ 9, 2025
ಭಾನುವಾರ ಮಧ್ಯಾಹ್ನ

ಡಂಕನ್‌ಗೆ,

ಇಪ್ಪತ್ತೆರಡು ವರ್ಷ ನಿನ್ನ ಹೆಸರಿನಲ್ಲಿ ಊರಿಗೆಲ್ಲ ಪತ್ರ ಬರೆದವಳು ನಾನು. ಕೌನ್ಸಿಲ್‌ಗೆ, ಮರದ ಅಂಗಡಿಗೆ, ಸಿಟ್ಟಿಗೆದ್ದ ಗಿರಾಕಿಗಳಿಗೆ, ಕಡೆಗೆ ನಿನ್ನ ಅಮ್ಮನ ಹುಟ್ಟುಹಬ್ಬದ ಕಾರ್ಡು ಕೂಡ. ನೀನು ಓದುತ್ತಲೂ ಇರಲಿಲ್ಲ, ಕೆಳಗೆ ಸಹಿ ಗೀಚಿ ವ್ಯಾನು ಹತ್ತುತ್ತಿದ್ದೆ. ನಿನಗೇ ಅಂತ ಬರೆಯುತ್ತಿರುವುದು ಇದೇ ಮೊದಲು. ಇದೊಂದನ್ನು ಪೂರ್ತಿ ಓದು. ಸಂಜೆ ಐದಕ್ಕೆ ನಿನ್ನ ಬಾಗಿಲ ಸಂದಿಯಲ್ಲಿ ನಾನೇ ಹಾಕಿ ಹೋಗುತ್ತೇನೆ. ಬೆಲ್ ಒತ್ತುವುದಿಲ್ಲ, ಹೆದರಬೇಡ.

ಬುಧವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಇದು ಉತ್ತರ. ಸೋಮವಾರದೊಳಗೆ ತಿಳಿಸು ಅಂದಿದ್ದೆಯಲ್ಲ? ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ.

ಹೇಗೆ ಶುರು ಮಾಡಿದೆ, ನೆನಪಿದೆಯಾ? ಊಟದ ಹೊತ್ತು. ನಾನು ಆಫೀಸಿನ ವ್ಯಾನಿನಲ್ಲಿ ಕೂತು, ಮೊಣಕಾಲ ಮೇಲೆ ಪಠ್ಯಪುಸ್ತಕದ ಮೆಟ್ಟಿಲುಗಳ ಅಧ್ಯಾಯ ಬಿಚ್ಚಿಟ್ಟುಕೊಂಡು, ಪ್ಯಾಟಿ ತುಂಬಿದ ಬನ್ನು ತಿನ್ನುತ್ತಿದ್ದೆ. "ಗೇನ್, ಚಿನ್ನ, ಹೇಗಿದೀಯ?" ಅಂದೆ ನೀನು. ನಾಲ್ಕು ವರ್ಷದಲ್ಲಿ ಒಂದು ಕ್ರಿಸ್‌ಮಸ್ ಕಾರ್ಡಿಗೂ ಬೇಡವಾಗಿದ್ದವಳು ಇದ್ದಕ್ಕಿದ್ದಂತೆ ಚಿನ್ನ ಆಗಿಬಿಟ್ಟೆ. ಆಮೇಲೆ ನೀನು ಮೆಲ್ಲಗೆ ವಿಷಯಕ್ಕೆ ಬಂದೆ. "ವಿಟೋಲ್ಡ್ ಮನೆ ಬೆಂಕಿ ವಿಷ್ಯ ಕೇಳ್ದೆ. ಪಾಪ. ಅವನ ಅಟ್ಟದ ಕೋಣೆ ನಾನೇ ಕಟ್ಟಿದ್ದಲ್ವಾ, ಅದರ ಫೈಲು ನಿಮ್ಮ ಆಫೀಸಲ್ಲಿದೆ. ಅಷ್ಟು ದೊಡ್ಡ ಆಫೀಸು, ಒಂದು ಫೋಟೋ ಕಾಣೆಯಾದ್ರೆ ಯಾರಿಗೆ ಗೊತ್ತಾಗುತ್ತೆ ಹೇಳು?" ನಾನು ಬನ್ನನ್ನು ಕಾಗದಕ್ಕೆ ಸುತ್ತಿಟ್ಟೆ. ಆಗ ನಿನ್ನ ಹಳೆಯ ದನಿ ಹೊರಗೆ ಬಂತು. "ಕೇಳಿಸ್ತಾ ಇದೆಯಾ? ಕಳಿಸಿದ್ದು ನಿನ್ನ ಈಮೇಲಿಂದ, ಗೇನ್. ನಾನು ಮುಳುಗಿದ್ರೆ ಮೊದಲು ಮುಳುಗೋದು ನೀನೇ. ಈ ವಯಸ್ಸಲ್ಲಿ ಅಷ್ಟು ಕಷ್ಟಪಟ್ಟು ಓದ್ತಿದೀಯಂತೆ. ಯಾಕೆ ಹಾಳು ಮಾಡ್ಕೋತೀಯ?"

ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ನೀನು ಕೇಳಿಸಿಕೊಳ್ಳಬೇಕಾದ್ದು ಒಂದಿಷ್ಟಿದೆ. ಇಷ್ಟು ವರ್ಷ ನಿನ್ನ ಮಾತು ಕೇಳಿದ್ದೇನೆ, ಅರ್ಧ ಗಂಟೆ ನನ್ನದನ್ನು ಕೇಳು.

ನಾನು ಈ ಓದಿಗೆ ಯಾಕೆ ಇಳಿದೆ ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ವಿಚ್ಛೇದನದ ಮಾತುಕತೆಗೆ ಆ ಮಧ್ಯಸ್ಥಗಾರನ ಮೇಜಿನ ಮುಂದೆ ಕೂತಿದ್ದೆವಲ್ಲ, ನೀನು ಹೊಸ ಶರ್ಟು ಹಾಕಿಕೊಂಡು ಬಂದಿದ್ದೆ, ಕರ್ಸ್ಟಿ ಇಸ್ತ್ರಿ ಮಾಡಿದ್ದು. ವ್ಯವಹಾರದಲ್ಲಿ ಹೆಂಡತಿಯ ಪಾಲೇನು ಅಂತ ಅವನು ಕೇಳಿದ. ನೀನು ಕುರ್ಚಿಗೆ ಒರಗಿಕೊಂಡು ಹೇಳಿದೆ: "ಇವಳದ್ದೇನಿತ್ತು ಸಾರ್? ಫೋನ್ ಎತ್ತೋದು, ಟೀ ಕೊಡೋದು, ಫೋಟೋ ಕಳಿಸೋದು. ಗಿಳಿಗೆ ಕಲಿಸಿದ್ರೂ ಮಾಡುತ್ತೆ." ಅವನು ನಕ್ಕ. ನೀನು ಕರ್ಸ್ಟಿಯ ಮನೆಗೆ ಹೋಗಿ ಸೇರಿದ್ದು ನನ್ನನ್ನು ಅಷ್ಟು ಸುಡಲಿಲ್ಲ. ಆ ಗಿಳಿ ಸುಟ್ಟಿತು. ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ, ಅಳುತ್ತಲೇ ಒಂದು ಮಾತು ಗಟ್ಟಿ ಮಾಡಿಕೊಂಡೆ. ಡಂಕನ್ ಸ್ಟ್ಯಾದರ್ಸ್, ಒಂದು ದಿನ ನಿನ್ನ ಕೆಲಸವನ್ನು ಪಾಸು ಮಾಡುವುದೂ ಫೇಲು ಮಾಡುವುದೂ ಈ ಗಿಳಿಯ ಕೈಯಲ್ಲಿರಬೇಕು.

ಹಾಗೆ ಕೌನ್ಸಿಲ್‌ನ ಕಟ್ಟಡ ಪರಿಶೀಲನೆ ವಿಭಾಗದಲ್ಲಿ ಗುಮಾಸ್ತೆಯಾಗಿ ಸೇರಿದೆ. ಅಲ್ಲೂ ಫೋನ್ ಎತ್ತುವುದೇ. ಎರಡು ವರ್ಷದ ಹಿಂದೆ ಹೊಸ ಕಾನೂನು ಬಂದು, ಪ್ರತಿಯೊಬ್ಬ ಇನ್ಸ್‌ಪೆಕ್ಟರೂ ಪರೀಕ್ಷೆ ಬರೆದು ಹೆಸರು ನೋಂದಾಯಿಸಲೇಬೇಕು ಅಂತಾದಾಗ, ಅರ್ಧ ಜನ ಹಿರಿಯರು ಇದೆಲ್ಲ ಯಾರಿಗೆ ಬೇಕು ಅಂತ ನಿವೃತ್ತಿ ತೆಗೆದುಕೊಂಡರು. ಒಳಗಿನವರಿಗೇ ತರಬೇತಿ ಕೊಡೋಣ ಅಂತ ನೋಟೀಸು ಹಾಕಿದರು. ನಾನು ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಹಿರಿಯ ಇನ್ಸ್‌ಪೆಕ್ಟರ್ ಡೆಸ್ಮಂಡ್ ಕೇಳಿದ್ದು ಒಂದೇ ಪ್ರಶ್ನೆ. "ಏಣಿ ಹತ್ತೋಕೆ ಭಯ ಇದೆಯಾ?" "ಗಂಡನ ಭಯಾನೇ ಹೋಗಿದೆ, ಏಣೀದೇನು ಮಹಾ," ಅಂದೆ. ಅವರು ಪೆನ್ನು ಮುಚ್ಚಿ ನಕ್ಕುಬಿಟ್ಟರು.

ವಾರಕ್ಕೆ ನಾಲ್ಕು ದಿನ ಕೆಲಸ, ಗುರುವಾರ ಲೀಡ್ಸ್‌ನಲ್ಲಿ ಕಾಲೇಜು. ಬೆಳಿಗ್ಗೆ ಆರರ ರೈಲು. ತರಗತಿಯಲ್ಲಿ ಎಲ್ಲರೂ ಹತ್ತೊಂಬತ್ತು ಇಪ್ಪತ್ತರವರು, ನನಗೆ ನಲವತ್ತಾರು. ಮೊದಲ ವಾರ ಅವರಿಗೆ ನಾನೇ ಮೇಡಂ ಅನ್ನಿಸಿ ಎದ್ದು ನಿಂತರು. ಭಾನುವಾರವೆಲ್ಲ ಓದು. ಪುಸ್ತಕದ ಪ್ರತಿ ಪುಟದಲ್ಲೂ ನೀನಿದ್ದೆ ಗೊತ್ತಾ? ಮೆಟ್ಟಿಲಿನ ಎತ್ತರ ಇನ್ನೂರಿಪ್ಪತ್ತು ಮಿಲಿಮೀಟರ್ ಮೀರಬಾರದು ಅಂತ ಓದಿದರೆ, ನೀನು ಕಟ್ಟಿದ, ಆಡು ಮಾತ್ರ ಹತ್ತಬಹುದಾದ ಆ ಮೆಟ್ಟಿಲುಗಳೆಲ್ಲ ಕಣ್ಣ ಮುಂದೆ ಬರುತ್ತಿದ್ದವು. ಸಿಟ್ಟಿನಲ್ಲಿ ಓದಿದ್ದು ಮರೆಯುವುದೇ ಇಲ್ಲ ಮಾರಾಯ. ಮೊದಲ ವರ್ಷ ತರಗತಿಗೇ ಮೊದಲಿಗಳಾಗಿ ಬಂದೆ. ಎಲ್ಲ ನಿನ್ನ ದಯೆ.

ಡೆಸ್ಮಂಡ್ ಜೊತೆ ಸೈಟುಗಳಿಗೆ ಹೋಗಲು ಶುರು ಮಾಡಿದೆ. ಮೊದಲ ದಿನವೇ ಎರಡು ನಿಯಮ ಹೇಳಿದರು. "ಕಣ್ಣಲ್ಲಿ ನೋಡದೇ ಇರೋದನ್ನ ನೋಡಿದೆ ಅಂತ ಬರೀಬೇಡ. ಬಿಲ್ಡರ್ ಕೊಟ್ಟ ಟೀ ಕುಡೀಬೇಡ." ಎರಡನೆಯದನ್ನು ಕೇಳಿ ನನ್ನ ಕಿವಿ ಬಿಸಿಯಾಯಿತು. ಇನ್ಸ್‌ಪೆಕ್ಟರ್ ಬಂದ ದಿನ ಟೀ ಕೆಟಲು ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದವಳು ನಾನಲ್ಲವೇ? "ಕೆಳಗೇ ಕೂರಿಸ್ಕೋ ಗೇನ್, ಅರ್ಧ ಗಂಟೆ ಎಳಿ, ಆಮೇಲೆ ಅವನಿಗೆ ಮೇಲೆ ಹತ್ತೋ ಮನಸ್ಸೇ ಇರಲ್ಲ," ಅಂತ ಹೇಳಿಕೊಟ್ಟಿದ್ದೆ. ನಿನ್ನ ಅರ್ಧ ಮನೆಗಳು ಪಾಸಾಗಿದ್ದು ನನ್ನ ಶುಂಠಿ ಕೇಕಿನಿಂದ.

ನಿನ್ನ ಗೆಳೆಯ ಗ್ಯಾಜ್ ಹೇಳಿರಬೇಕು, ಅವನ ಸೈಟಿಗೆ ಹೋಗಿದ್ದೆ. "ಓಹೋ, ಡಂಕನ್ ಹೆಂಡ್ತಿ! ಟೀ ಮಾಡೋಕೆ ಬಂದ್ರಾ?" ಅಂತ ಎಲ್ಲರ ಮುಂದೆ ಕೂಗಿದ. "ಹೂಂ ಕಣೋ. ನೀರು ಕುದಿಯೋದ್ರೊಳಗೆ ಆ ನಾಲ್ಕು ಹಲಗೆ ಕಿತ್ತು ಒಳಗಿನ ತೊಲೆ ತೋರಿಸು," ಅಂದೆ. ಕಿತ್ತ. ತೊಲೆ ಗೋಡೆಗೆ ತಾಗಿಯೇ ಇರಲಿಲ್ಲ. ಅವತ್ತು ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತು ಅಂದರೆ ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ. ಡೆಸ್ಮಂಡ್ ಮಾತ್ರ ನಗಲಿಲ್ಲ. "ಅವನು ಯಾರಾಗಿದ್ರೂ ಕೀಳಿಸ್ತಿದ್ದೆಯಾ?" ಅಂತ ಕೇಳಿದರು. ಹೌದು ಅಂದೆ. ಸುಳ್ಳು.

ನಿನ್ನ ಸೈಟಿಗೆ ಮಾತ್ರ ನಾನು ಕಾಲಿಡುವ ಹಾಗಿರಲಿಲ್ಲ. ಸೇರಿದ ದಿನವೇ ಒಂದು ಫಾರಂ ತುಂಬಬೇಕು, ಯಾವ ಬಿಲ್ಡರ್ ಜೊತೆ ನಂಟಿದೆ ಅಂತ. ನಿನ್ನ ಹೆಸರು ಬರೆದೆ. ಅಲ್ಲಿಗೆ ನಿನ್ನ ಮನೆಗಳೆಲ್ಲ ನನಗೆ ಮುಚ್ಚಿದವು. ನಿನ್ನನ್ನು ಹಿಡಿಯಲೆಂದೇ ಕಲಿಯುತ್ತಿದ್ದ ಕೆಲಸ, ನಿನ್ನೊಬ್ಬನನ್ನು ಬಿಟ್ಟು ಊರನ್ನೆಲ್ಲ ಹಿಡಿ ಅಂದಿತು. ಎಷ್ಟು ಹಲ್ಲು ಕಡಿದಿದ್ದೇನೆ!

ಅಕ್ಟೋಬರ್ ಇಪ್ಪತ್ತೊಂದು, ಮಂಗಳವಾರ, ಸಂಜೆ ನಾಲ್ಕು. ಅಗ್ನಿಶಾಮಕದವರಿಂದ ಫೋನು. ಬೆಂಕಿ ಆರಿದೆ, ಅಟ್ಟದ ನೆಲ ಕುಸಿಯುವ ಹಾಗಿದೆ, ಬಂದು ನೋಡಿ. ವ್ಯಾನಿನಲ್ಲಿ ಡೆಸ್ಮಂಡ್ ವಿಳಾಸ ಓದಿದರು. ಆ ರಸ್ತೆ, ಆ ನಂಬರು ಕಿವಿಗೆ ಬಿದ್ದ ಕೂಡಲೇ ನೀನು ಕೆಲಸ ಮಾಡಿದ ಮನೆ ಅಂತ ಗೊತ್ತಾಯಿತು. ಅಲ್ಲೇ ಹೇಳಬೇಕಿತ್ತು, ನಾನು ಬರುವ ಹಾಗಿಲ್ಲ, ಇಳಿಸಿಬಿಡಿ ಅಂತ. ಹೇಳಲಿಲ್ಲ. ನನಗೆ ನೋಡಬೇಕಿತ್ತು ಡಂಕನ್. ನಿನ್ನ ಕೆಲಸ ಸುಟ್ಟು ಕರಕಲಾಗಿರುವುದನ್ನು ಕಣ್ತುಂಬ ನೋಡಬೇಕು ಅನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ.

ವಿಟೋಲ್ಡ್ ಹಿತ್ತಲ ಓಣಿಯಲ್ಲಿ ಬಸ್ ಡ್ರೈವರ್ ಸಮವಸ್ತ್ರದಲ್ಲೇ ನಿಂತಿದ್ದ. ಪಕ್ಕದಲ್ಲಿ ಅವನ ಮಗಳು ಜೂಜಿಯಾ, ಹದಿನಾಲ್ಕು ವರ್ಷ, ಈಜು ತರಗತಿಯಿಂದ ಹಾಗೇ ಓಡಿ ಬಂದಿದ್ದಳು, ಒದ್ದೆ ತಲೆ. ಅಟ್ಟದ ಕೋಣೆ ಅವಳದು. ಕೂದಲು ನೇರ ಮಾಡುವ ಯಂತ್ರವನ್ನು ಕೆಳಗೆ ಅಪ್ಪನ ಕೋಣೆಯ ಹಾಸಿಗೆಯ ಮೇಲೆ ಆರಿಸದೆ ಬಿಟ್ಟು ಹೋಗಿದ್ದಳು. ಹುಡುಗಿಯ ತಪ್ಪು ಅಷ್ಟೇ. ಮಿಕ್ಕಿದ್ದು ನಿನ್ನದು. ಕೆಳಗಿನ ಕೋಣೆಯ ಚಾವಣಿಗೂ ಅಟ್ಟದ ನೆಲಕ್ಕೂ ನಡುವೆ ತಂತಿ ಜಾಲರಿ ಕಟ್ಟಿ, ಅದರ ಮೇಲೆ ಬೆಂಕಿ ತಡೆಯುವ ಕಲ್ಲುಣ್ಣೆಯ ದಪ್ಪ ಹೊದಿಕೆ ಹಾಸಬೇಕು. ಕೆಳಗೆ ಹೊತ್ತಿಕೊಂಡರೆ ಮೇಲೆ ಮಲಗಿದವರು ಎದ್ದು ಮೆಟ್ಟಿಲಿಳಿಯಲು ಅರ್ಧ ಗಂಟೆ ಸಿಗಲಿ ಅಂತ. ನಿನಗೇನು ಗೊತ್ತಿಲ್ಲದ್ದಲ್ಲ.

ಅಗ್ನಿಶಾಮಕದ ಹೆಂಗಸು ಹೇಳಿದಳು: "ನಾವು ಬರೋಕೆ ಒಂಬತ್ತು ನಿಮಿಷ. ಅಷ್ಟರಲ್ಲಿ ಮೇಲಿನ ಮಂಚಾನೇ ಇರಲಿಲ್ಲ." ಸುಡದೆ ಉಳಿದಿದ್ದ ಮೂಲೆಯಲ್ಲಿ ಡೆಸ್ಮಂಡ್ ಎರಡು ಹಲಗೆ ಎಬ್ಬಿಸಿದರು. ನಾನು ಟಾರ್ಚು ಹಿಡಿದೆ. ಜಾಲರಿ ಇಲ್ಲ, ಉಣ್ಣೆ ಇಲ್ಲ. ತೊಲೆಗಳ ನಡುವೆ ಒಂದು ಚಿಪ್ಸ್ ಪೊಟ್ಟಣ ಬಿದ್ದಿತ್ತು. ಉಪ್ಪು ಮತ್ತು ವಿನಿಗರ್, ನೀನು ತಿನ್ನುವಂಥದ್ದೇ.

ಕೆಳಗಿಳಿದು ಬಂದರೆ ವಿಟೋಲ್ಡ್ ಕೈಯಲ್ಲಿ ಒಂದು ಫ್ರೇಮು. ಕೆಲಸ ನಿಯಮದ ಪ್ರಕಾರ ಮುಗಿದಿದೆ ಅಂತ ಕೌನ್ಸಿಲ್ ಕೊಟ್ಟ ಸರ್ಟಿಫಿಕೇಟು. "ಈ ದೇಶದಲ್ಲಿ ನನ್ನ ಹೆಸರು ಹಾಕಿ ಕೊಟ್ಟ ಮೊದಲನೇ ಕಾಗದ ಇದು ಮೇಡಂ, ಅದಕ್ಕೇ ಗೋಡೆಗೆ ಹಾಕಿದ್ದೆ," ಅಂದ. "ನಿಮ್ಮೋರೇ ಅಲ್ವಾ ಕೊಟ್ಟಿದ್ದು? ಸರಿಯಿದೆ ಅಂತ ನಿಮ್ಮೋರೇ ಅಲ್ವಾ ಬರೆದಿದ್ದು? ಶನಿವಾರ ಮಧ್ಯಾಹ್ನದವರೆಗೂ ಮಲಗ್ತಾಳೆ ಇವಳು. ಶನಿವಾರ ಆಗಿದ್ರೆ?" ಡೆಸ್ಮಂಡ್ ಸರ್ಟಿಫಿಕೇಟಿನ ಕೆಳಗಿನ ಸಹಿ ನೋಡಿದರು. ಅವರದೇ ಸಹಿ.

ಮಾರನೆಯ ದಿನ ಆಫೀಸಿನಲ್ಲಿ ಫೈಲು ತೆರೆದರು. 2020, ಕೊರೊನಾ ಕಾಲ. ಇನ್ಸ್‌ಪೆಕ್ಟರುಗಳು ಮನೆಗಳಿಗೆ ಹೋಗುವ ಹಾಗಿಲ್ಲ, ಫೋಟೋ ಸಾಕು ಅಂದಿದ್ದರಲ್ಲ. ಡೆಸ್ಮಂಡ್ ಹೆಂಡತಿಗೆ ಆಗ ಕಾಯಿಲೆ. ಅಡುಗೆಮನೆಯ ಮೇಜಿನ ಮುಂದೆ ಕೂತು ವಾರಕ್ಕೆ ನಲವತ್ತು ಮನೆಗಳ ಫೋಟೋ ನೋಡುತ್ತಿದ್ದರಂತೆ. ವಿಟೋಲ್ಡ್ ಮನೆಯದು ಅಂತ ನೀನು ಕಳಿಸಿದ ಫೋಟೋದಲ್ಲಿ ಎಲ್ಲವೂ ಅಚ್ಚುಕಟ್ಟು. ಜಾಲರಿ, ಉಣ್ಣೆ, ದಪ್ಪ ತೋರಿಸಲು ಟೇಪು ಹಿಡಿದ ಒಂದು ಕೈ. ಡೆಸ್ಮಂಡ್ ಕನ್ನಡಕ ಹಣೆಗೇರಿಸಿ ಪರದೆಗೆ ಮುಖ ತಂದರು. "ಇದ್ಯಾವ ಅಂಗಡಿ ಟೇಪು? ಅಂಕಿಯೆಲ್ಲ ಹಿಂದುಮುಂದು." ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದರು. ಬೇರೆ ಮನೆಯದ್ದು ಅಂತ ಅನ್ನಿಸಲಿ ಅಂತ.

ತಿರುಗಿಸಿದ್ದರು ಅಂತ ಬರೆದೆ ನೋಡು. ನೀನು ಕಳಿಸಿದ ಫೋಟೋ ಅಂತಲೂ ಬರೆದೆ. ಅಳಿಸುವುದಿಲ್ಲ, ಹಾಗೇ ಇರಲಿ, ನನ್ನ ಬುದ್ಧಿ ಎಲ್ಲಿ ಜಾರುತ್ತದೆ ಅಂತ ನಿನಗೂ ಕಾಣಲಿ. ತಿರುಗಿಸಿದ್ದು ನಾನು. ಕಳಿಸಿದ್ದು ನಾನು. ಸರಿಯಾಗಿ ಕೆಲಸ ಮಾಡಿದ್ದ ಒಂದೇ ಒಂದು ಮನೆಯಲ್ಲಿ, ಒಂದು ಕೈಯಲ್ಲಿ ಟೇಪು ಹಿಡಿದು ಇನ್ನೊಂದರಲ್ಲಿ ತೆಗೆದ ಫೋಟೋ. ಆಮೇಲೆ ನೀನು ಪ್ರತಿ ಮನೆಗೂ "ಅದನ್ನೇ ಕಳಿಸು ಗೇನ್, ಯಾರು ನೋಡ್ತಾರೆ," ಅಂತಿದ್ದೆ. ಕಳಿಸಿದೆ. ಒಮ್ಮೆ ಅಂಚು ಕತ್ತರಿಸಿ, ಒಮ್ಮೆ ಬೆಳಕು ಕಡಿಮೆ ಮಾಡಿ, ಒಮ್ಮೆ ಎಡಬಲ ತಿರುಗಿಸಿ. ಒಂಬತ್ತು ಮನೆ. ವಿಟೋಲ್ಡ್ ಮನೆಯದನ್ನು ಅವಸರದಲ್ಲಿ ಕಳಿಸಿದ್ದೆ, ಅಂಕಿ ಗಮನಿಸಿರಲಿಲ್ಲ.

ಆ ಫೋಟೋದಲ್ಲಿರುವ ಕೈಯ ಮೇಲೆ ಸುಟ್ಟ ಕಲೆಯಿದೆ, ಚಿಪ್ಸ್ ಬಾಣಲೆಯದು. ಡೆಸ್ಮಂಡ್ ಎರಡು ವರ್ಷದಿಂದ ದಿನವೂ ನೋಡುತ್ತಿರುವ ಕೈ, ಅವರ ಟೇಪಿನ ಇನ್ನೊಂದು ತುದಿ ಹಿಡಿಯುವ ಕೈ. ಅವರು ಪರದೆ ನೋಡಿದರು. ಮೇಜಿನ ಮೇಲಿದ್ದ ನನ್ನ ಕೈ ನೋಡಿದರು. ನಾನು ಮೆಲ್ಲಗೆ ಕೈ ಕೆಳಗಿಳಿಸಿದೆ. "ನಾಳೆ ಕಾಲೇಜಲ್ವಾ? ಬೇಗ ಹೊರಡು," ಅಂದರು. ಅಷ್ಟೇ.

ಎರಡು ವಾರ ಬಾಯಿ ಬಿಡಲಿಲ್ಲ ನಾನು. ಮೊದಲ ವಾರ ನಿನ್ನೊಬ್ಬನನ್ನೇ ಹೇಗೆ ಮುಳುಗಿಸುವುದು ಅಂತ ಯೋಚಿಸಿದೆ. ಈಮೇಲು ಕಂಪನಿಯದು, ಕಂಪನಿ ನಿನ್ನದು, ನಾನೋ ಹೇಳಿದಂತೆ ಮಾಡುವ ಹೆಂಡತಿ, ಗಿಳಿ ಅಂತ ನೀನೇ ಮೂರನೆಯವರ ಮುಂದೆ ಹೇಳಿದ್ದೆ. ನಡೆಯುತ್ತಿತ್ತು ಕಣೋ. ಚೆನ್ನಾಗಿಯೇ ನಡೆಯುತ್ತಿತ್ತು. ಎರಡನೆಯ ವಾರ ಭಯ ಹಿಡಿಯಿತು. ಇದೇ ತಿಂಗಳು ಇಪ್ಪತ್ತನಾಲ್ಕಕ್ಕೆ ನನ್ನ ನೋಂದಣಿಯ ಸಂದರ್ಶನ. ಮೊದಲ ಪ್ರಶ್ನೆಯೇ ಪ್ರಾಮಾಣಿಕತೆಯ ಮೇಲಂತೆ. ಡೆಸ್ಮಂಡ್ ಮಾರ್ಚಿನಲ್ಲಿ ನಿವೃತ್ತರಾಗುತ್ತಾರೆ, ಅವರ ಸಹಿ ಇದೆಯಲ್ಲ ಅದರ ಕೆಳಗೆ. ನಾನು ಬಾಯಿ ಬಿಟ್ಟರೆ ನನಗೆ ಏಣಿ ಹತ್ತಲು ಕಲಿಸಿದವರ ಮೂವತ್ತೆಂಟು ವರ್ಷದ ಹೆಸರಿಗೆ ಮಸಿ. ಸುಮ್ಮನಿದ್ದರೆ ಎಲ್ಲರೂ ಕ್ಷೇಮ. ಉಳಿದ ಎಂಟು ಅಟ್ಟಗಳಲ್ಲಿ ಮಲಗುವವರನ್ನು ಬಿಟ್ಟು.

ಆಗ ನೀನು ಫೋನ್ ಮಾಡಿದೆ.

ಒಳ್ಳೆಯತನ ಉಕ್ಕಿ ಬಂದು ತೀರ್ಮಾನ ಮಾಡಿದೆ ಅಂತ ತಿಳಿದುಕೊಳ್ಳಬೇಡ. ಆ "ಚಿನ್ನ" ಕೇಳಿ ಮೈ ಉರಿಯಿತು. ಅದೇ ಗೇನ್ ಇದ್ದಾಳೆ, ಅಳಿಸು ಅಂದರೆ ಅಳಿಸುತ್ತಾಳೆ, ಕಳಿಸು ಅಂದರೆ ಕಳಿಸುತ್ತಾಳೆ, ಎಷ್ಟು ಓದಿದರೇನು ಅಂತ ನಿನಗೆ ಅಷ್ಟು ಖಾತ್ರಿ! ಆ ಖಾತ್ರಿಯನ್ನು ಮುರಿಯಲು ನನ್ನ ಕೆಲಸವೇ ಹೋಗುವುದಾದರೂ ಹೋಗಲಿ ಅನ್ನಿಸಿತು. ನನ್ನ ದುರಾಸೆ ಇದು, ನೀನೊಬ್ಬನೇ ಬೀಳಬೇಕಿತ್ತು, ನಾನು ಮೇಲಿಂದ ನೋಡಬೇಕಿತ್ತು. ಅದಕ್ಕೆ ದಾರಿಯೇ ಇರಲಿಲ್ಲ. ನಿನ್ನನ್ನು ಬೀಳಿಸಬೇಕಾದರೆ ನಿನ್ನ ಕಾಲು ಹಿಡಿದುಕೊಂಡು ನಾನೂ ಬೀಳಬೇಕು. ಸರಿ, ಹಾಗೇ ಆಗಲಿ.

ಶುಕ್ರವಾರ ಬೆಳಿಗ್ಗೆ ಡೆಸ್ಮಂಡ್ ಮುಂದೆ ಹೋಗಿ ನಿಂತೆ. "ಆ ಕೈ ನಂದು," ಅಂದೆ.

"ಗೊತ್ತು. ಎರಡು ವಾರದಿಂದ ಕಾಯ್ತಾ ಇದೀನಿ."

"ಒಂದು ಮನೆ ಅಲ್ಲ. ಒಂಬತ್ತು."

ಅದು ಅವರಿಗೆ ಗೊತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಒಂಬತ್ತಕ್ಕೂ ನನ್ನ ಸಹಿನಾ?"

"ಏಳಕ್ಕೆ."

"ನಿನಗೆ ಮೊದಲ ದಿನ ಏನು ಹೇಳಿದ್ದೆ ನಾನು? ನೋಡದೇ ಇರೋದನ್ನ ನೋಡಿದೆ ಅಂತ ಬರೀಬೇಡ ಅಂತ. ಏನು ದೊಡ್ಡಸ್ತಿಕೆ ನಂದು," ಅಂದರು. ಬಯ್ಯುತ್ತಾರೆ ಅಂತ ಕಾದೆ. ಬಯ್ಯಲಿಲ್ಲ. "ಕೂತ್ಕೊಂಡು ಬರಿ. ಆಗಿದ್ದನ್ನ ಬರಿ, ಅನ್ನಿಸಿದ್ದು ಬೇಡ. ಮೊದಲು ನಿನ್ನ ಹೆಸರು. ನಿನ್ನ ಪುಟದ ಪಕ್ಕದಲ್ಲಿ ನಂದೂ ಒಂದು ಪುಟ ಇಡ್ತೀನಿ." ನನಗೆ ಅಳು ಬಂತು. ಅವರು ಟೀ ಮಾಡಿಕೊಟ್ಟರು. ನಾಲ್ಕು ಪುಟ ಹೇಳಿಕೆ ಬರೆದೆ.

ಹಾಗಾಗಿ ಡಂಕನ್, ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ. ಯಾವ ಫೋಟೋವೂ ಕಾಣೆಯಾಗುವುದಿಲ್ಲ. ನೀನು ಬುಧವಾರ ಹೇಳಿದ್ದೂ ಅದರಲ್ಲಿದೆ, ಚಿನ್ನ ಅಂದದ್ದು ಸಮೇತ. ಉಳಿದ ಎಂಟು ಮನೆಯವರಿಗೆ ಶುಕ್ರವಾರ ಸಂಜೆಯೇ ತಿಳಿಸಿದ್ದಾರೆ, ಅಟ್ಟದಲ್ಲಿ ಯಾರೂ ಮಲಗಬೇಡಿ ಅಂತ. ನಾಳೆ ಬೆಳಿಗ್ಗೆ ಎಂಟಕ್ಕೆ ಮೊದಲ ಮನೆಯ ನೆಲ ಕೀಳುತ್ತಾರೆ. ಪಕ್ಕದ ಕೌನ್ಸಿಲ್‌ನಿಂದ ಇನ್ಸ್‌ಪೆಕ್ಟರುಗಳು ಬರುತ್ತಿದ್ದಾರೆ, ನಮ್ಮವರು ಯಾರೂ ಅಲ್ಲ. ನಿನ್ನನ್ನೂ ಕರೆಸುತ್ತಾರೆ. ಹೋಗು. ಇಷ್ಟು ವರ್ಷ ಆಯಿತಲ್ಲ, ಇನ್ನೇನು ಮಾಡುತ್ತಾರೆ ಅಂದುಕೊಳ್ಳಬೇಡ. ಹಳೆಯ ಕಾನೂನು ಬೇಗ ಮರೆಯುತ್ತಿತ್ತು, ಹೊಸದಕ್ಕೆ ಹತ್ತು ವರ್ಷದ ನೆನಪಿದೆ. ಪರೀಕ್ಷೆಗೆ ಓದಿದ್ದೇನೆ, ನಂಬು.

ಬಂದವರಿಗೆ ಟೀ ಕೊಡಲು ಹೋಗಬೇಡ. ಕುಡಿಯುವುದಿಲ್ಲ.

ನನ್ನ ಗತಿ ಏನು ಅಂತ ನಿನಗೆ ಕುತೂಹಲ ಇರುತ್ತದೆ. ಸಂದರ್ಶನ ಮುಂದಕ್ಕೆ ಹಾಕಿದ್ದಾರೆ, ಎಷ್ಟು ಮುಂದಕ್ಕೆ ಅಂತ ಹೇಳಿಲ್ಲ. ಸೈಟಿಗೆ ಹೋಗುವಂತಿಲ್ಲ. ವಿಚಾರಣೆ ಮುಗಿಯುವವರೆಗೆ ಮತ್ತೆ ಫೋನ್ ಎತ್ತುವ ಕೆಲಸ. ನಗಬೇಕಾದರೆ ನಕ್ಕುಬಿಡು, ಇದೇ ಕಡೆಯ ಸಲ. ಕಾಲೇಜಿಗೆ ಬರಬೇಡ ಅಂತ ಇನ್ನೂ ಯಾರೂ ಅಂದಿಲ್ಲ. ಗುರುವಾರ ಆರರ ರೈಲಿಗೆ ಹೋಗುತ್ತೇನೆ. ಈ ವಾರ ಚರಂಡಿಗಳ ಪಾಠ.

ಮತ್ತೆ ಫೋನ್ ಮಾಡಬೇಡ.

ನಿನ್ನ ಹೆಸರನ್ನು ಇನ್ನೂ ಹೊತ್ತುಕೊಂಡಿರುವ,
ಗೇನರ್ ಸ್ಟ್ಯಾದರ್ಸ್
ಟ್ರೇನಿ ಬಿಲ್ಡಿಂಗ್ ಇನ್ಸ್‌ಪೆಕ್ಟರ್, ಸದ್ಯಕ್ಕೆ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೇಳಿಕೆಯಲ್ಲಿ ನಿಜ ಬರೆದು ನಿನಗೆ ಸುಳ್ಳು ಬರೆಯುವುದೇಕೆ?

ಸರಿಯಾಗಿ ಕೆಲಸ ಮಾಡಿದ್ದ ಆ ಒಂದು ಮನೆ ಕರ್ಸ್ಟಿಯದು. ಈಗ ನೀನು ಈ ಕಾಗದ ಓದುತ್ತಿರುವ ಮನೆ. 2020ರ ಜೂನಿನಲ್ಲಿ ಅದರ ಅಟ್ಟದಲ್ಲಿ ಟೇಪು ಹಿಡಿದು ನಿಂತಿದ್ದೆ. ಎಷ್ಟು ದಪ್ಪ ಉಣ್ಣೆ, ಎಷ್ಟು ನೀಟಾಗಿ ಕಟ್ಟಿದ ಜಾಲರಿ! ಇಷ್ಟು ವರ್ಷದಲ್ಲಿ ಯಾರ ಮನೆಗೂ ಇಷ್ಟು ಅಕ್ಕರೆಯಿಂದ ಕೆಲಸ ಮಾಡದವನು ಇವಳಿಗೆ ಯಾಕೆ ಮಾಡಿದ ಅಂತ ಯೋಚಿಸಿದೆ. ಅವತ್ತೇ ಗೊತ್ತಾಯಿತು ನನಗೆ. ನೀನು ಬಾಯಿ ಬಿಡಲು ಹದಿನಾರು ತಿಂಗಳು ತೆಗೆದುಕೊಂಡೆ. ಆ ಮನೆಯ ನೆಲ ಕೀಳಬೇಕಾಗಿಲ್ಲ, ಅಲ್ಲಿ ಎಲ್ಲ ಸರಿಯಿದೆ, ನಾನೇ ನೋಡಿದ್ದೇನೆ ಅಂತ ಹೇಳಿಕೆಯಲ್ಲಿ ಬರೆದಿದ್ದೇನೆ. ಆ ಸಾಲು ಬರೆಯಲು ಉಳಿದ ನಾಲ್ಕು ಪುಟಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಸುಳ್ಳು ಅಂದೆನಲ್ಲ, ಅದು ಇದು: ವಿಟೋಲ್ಡ್ ಮನೆಯ ಫೋಟೋದಲ್ಲಿ ಅಂಕಿಗಳನ್ನು ನಾನು ಗಮನಿಸದೆ ಬಿಟ್ಟಿದ್ದಲ್ಲ. ಬೇಕೆಂತಲೇ ಬಿಟ್ಟೆ. ಯಾರಾದರೂ ನೋಡಲಿ, ಕೇಳಲಿ, ನಿನ್ನನ್ನು ಹಿಡಿಯಲಿ ಅಂತ. ಯಾರೂ ನೋಡಲಿಲ್ಲ. ನಾನೂ ಹೇಳಲಿಲ್ಲ, ಕಾಯುತ್ತ ಕೂತೆ. ಆ ಹುಡುಗಿ ಐದು ವರ್ಷ ಅಲ್ಲಿ ಮಲಗಿದಳು.

ನಿನ್ನೆ ಹೋಗಿ ವಿಟೋಲ್ಡ್‌ಗೆ ಅದನ್ನು ಹೇಳಿದೆ. ಅವನ ತಂಗಿಯ ಮನೆಯ ಬಾಗಿಲಲ್ಲಿ ನಿಂತುಕೊಂಡೇ ಕೇಳಿಸಿಕೊಂಡ. "ಅವನಿಗೆ ಗೊತ್ತಿತ್ತು, ಸರಿ. ನಿಮಗೂ ಗೊತ್ತಿತ್ತಾ?" ಅಂದ. ಹೌದು ಅಂದೆ. ಬಾಗಿಲು ಹಾಕಿಕೊಂಡ.